ಕಟ್-ಔಟ್ ನುಡಿದ ಸಾಕ್ಷಿ

ಮೊನ್ನೆ ಬೆಳಿಗ್ಗೆ ಮಗನ ಕಾರು ಸ್ಟಾರ್ಟ್ ಆಗಲಿಲ್ಲ. ನೋಡಲು ಬಂದ ಹುಡುಗ ಬಾನೆಟ್ ಎತ್ತುವ ಮೊದಲೇ, "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ" ಎಂದ. ಪರೀಕ್ಷಿಸದೆ ಕೊಟ್ಟ ಆ ತೀರ್ಪನ್ನು ಕೇಳಿದೊಡನೆ ನನ್ನ ಮನಸ್ಸು 1962ರ ಮಳೆಗಾಲಕ್ಕೆ ಹೋಯಿತು.

ಅಪ್ಪ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಸಾಹುಕಾರರೊಬ್ಬರಲ್ಲಿ ಡ್ರೈವರ್ ಆಗಿದ್ದರು. ಕಾರು 1930ರ ದಶಕದ್ದು. ಮೋಟಾರುಗಳ ಆರಂಭದ ಕಾಲದಲ್ಲಿ ಎಂಜಿನ್ನನ್ನು ಹ್ಯಾಂಡಲ್ ತಿರುಗಿಸಿಯೇ ಎಬ್ಬಿಸಬೇಕಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಬ್ಯಾಟರಿಯೂ ಅದನ್ನು ತುಂಬಿಸುವ ಡೈನಮೋ ಕೂಡ ಕ್ರಮೇಣ ಕಾರಿಗೆ ಅನಿವಾರ್ಯವಾದವು. ನಮ್ಮ ಸಾಹುಕಾರರ ಕಾರಿನಲ್ಲಿದ್ದದ್ದು ಮೂರು ಸೆಲ್ಲುಗಳ, ಆರು ವೋಲ್ಟಿನ ಬ್ಯಾಟರಿ.

ಆ ವರ್ಷ ಎರಡು ತಿಂಗಳಲ್ಲಿ ನಾಲ್ಕು ಸಲ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗಿತ್ತು. ಅಪ್ಪ ರಾತ್ರಿ ದೀಪ ಆರಿಸಲು ಮರೆಯುತ್ತಾರೆಂದು ಸಾಹುಕಾರರು ನಿಶ್ಚಯಿಸಿ, ಹೊಸ ಬ್ಯಾಟರಿಯ ಬೆಲೆಯನ್ನು ಸಂಬಳದಲ್ಲಿ ಹಿಡಿಯುವುದಾಗಿ ಹೇಳಿದರು. ಅಪ್ಪ ಎದುರಾಡಲಿಲ್ಲ. ರಾತ್ರಿ ಅಮ್ಮನಿಗೆ, "ನಾನು ಆರಿಸಿದ್ದೆ ಕಣೇ" ಎಂದದ್ದು ಮಾತ್ರ ನನಗೆ ಕೇಳಿಸಿತು. ಹನ್ನೊಂದು ವರ್ಷದ ನಾನೂ ಒಳಗೊಳಗೇ ಅವರನ್ನು ಶಂಕಿಸಿದ್ದೆ.

ಶಿವಮೊಗ್ಗದಿಂದ ಮೇಸ್ತ್ರಿಯೊಬ್ಬರನ್ನು ಕರೆಸಲಾಯಿತು. ಅವರು ಯಾರ ಮಾತನ್ನೂ ಕೇಳದೆ, ಚೀಲದಿಂದ ಹೈಡ್ರೋಮೀಟರ್ ತೆಗೆದು ಒಂದೊಂದು ಸೆಲ್ಲಿನ ಆಮ್ಲವನ್ನೂ ಹೀರಿ ನೋಡಿದರು. ತುಂಬಿದ ಬ್ಯಾಟರಿಯ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.280, ಬಿಸಿ ನಾಡುಗಳಲ್ಲಿ ತುಸು ಕಡಿಮೆ. ಇಲ್ಲಿ ಮೂರರಲ್ಲೂ 1.150ರ ಆಸುಪಾಸು. ಒಂದು ಸೆಲ್ ಕೆಟ್ಟಿದ್ದರೆ ಅದೊಂದೇ ಕೆಳಗಿಳಿಯುತ್ತಿತ್ತು. ಮೂರೂ ಸಮನಾಗಿ ಇಳಿದಿವೆಯೆಂದರೆ ಬ್ಯಾಟರಿ ಕೆಟ್ಟಿಲ್ಲ, ಖಾಲಿಯಾಗಿದೆ ಎಂದೇ ಅರ್ಥ.

ಬಳಿಕ ಬ್ಯಾಟರಿಯ ತಂತಿಯ ನಡುವೆ ಆಮ್ಮೀಟರ್ ಸೇರಿಸಿ, ಹ್ಯಾಂಡಲ್ ಹೊಡೆಸಿ ಎಂಜಿನ್ ಎಬ್ಬಿಸಿದರು. ಮುಳ್ಳು ಚಾರ್ಜಿನ ಕಡೆಗೆ ಸರಿಯಿತು, ಡೈನಮೋ ಆರೋಗ್ಯವಾಗಿತ್ತು. ಎಂಜಿನ್ ನಿಲ್ಲಿಸಿದಾಗ ಮುಳ್ಳು ಸೊನ್ನೆಗೆ ಬಂದಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅದು ಸೊನ್ನೆಯನ್ನು ದಾಟಿ ಹಿಂದಕ್ಕೆ ವಾಲಿತು! ದೀಪಗಳೆಲ್ಲ ಆರಿದ್ದವು. ಮೇಸ್ತ್ರಿ ಕಟ್-ಔಟ್ ಪೆಟ್ಟಿಗೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಮುಳ್ಳು ಸೊನ್ನೆಗೆ ಮರಳಿತು.

ಕಟ್-ಔಟ್ ಎಂಬುದು ಡೈನಮೋ ಮತ್ತು ಬ್ಯಾಟರಿಯ ನಡುವಿನ ಕಾವಲುಗಾರ. ಡೈನಮೋ ಸಾಕಷ್ಟು ವೋಲ್ಟೇಜು ಕೊಡುವಾಗ ಬಾಗಿಲು ಮುಚ್ಚಿದಂತೆ ಅದರ ಸ್ಪರ್ಶಬಿಂದುಗಳು ಕೂಡಿಕೊಳ್ಳುತ್ತವೆ. ಎಂಜಿನ್ ನಿಂತಾಗ ಬೇರ್ಪಡಬೇಕು. ಸುಟ್ಟು ಒರಟಾದ ಆ ಬಿಂದುಗಳು ಒಮ್ಮೊಮ್ಮೆ ಅಂಟಿಕೊಂಡು, ಬ್ಯಾಟರಿಯ ವಿದ್ಯುತ್ತು ಡೈನಮೋ ಮೂಲಕ ಹಿಂದಕ್ಕೆ ಹರಿದುಹೋಗುತ್ತಿತ್ತು.

"ದೀಪ ಆರಿಸಿದ್ರೂ ರಾತ್ರಿಯೆಲ್ಲ ಇದೇ ಕುಡೀತಿತ್ತು, ಯಜಮಾನ್ರೇ" ಎಂದರು ಮೇಸ್ತ್ರಿ. ಸಾಹುಕಾರರು ಮಾತಿಲ್ಲದೆ ಒಳಗೆ ನಡೆದರು. ಸಂಬಳ ಹಿಡಿಯಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ.

ಮುಂದೆ ವಿಜ್ಞಾನದ ಮೇಷ್ಟ್ರಾಗಿ ಹೈಡ್ರೋಮೀಟರಿನ ಪಾಠ ಮಾಡುವಾಗಲೆಲ್ಲ ಈ ಕಥೆ ಹೇಳುತ್ತಿದ್ದೆ. ತರಗತಿಯಲ್ಲಿ ಏನಾದರೂ ಒಡೆದರೆ, ಕಳೆದರೆ, ಮೊದಲು ನೆನಪಾಗುವ ಹುಡುಗನ ಹೆಸರು ನಾಲಿಗೆಯ ತುದಿಗೆ ಬಂದರೂ ತಡೆದುಕೊಳ್ಳಲು ಕಲಿತೆ. ಆದರೆ ಅಪ್ಪನನ್ನು ಶಂಕಿಸಿದ್ದೆನೆಂದು ಅವರೆದುರು ಒಪ್ಪಿಕೊಳ್ಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

ಮೊನ್ನೆಯ ಹುಡುಗನಿಗೆ, "ಮೀಟರ್ ಇದೆಯೇನಪ್ಪಾ? ಒಮ್ಮೆ ನೋಡಿಬಿಡು" ಎಂದೆ. ಅವನು ನಕ್ಕು, ಮೀಟರ್ ತರಲು ಹೋದ.