ಯೋಗ್ಯರನ್ನು ಅರಿಯುವ ಬಗೆ

ಮದುವೆಯ ಮನೆಗೆ ಅಡುಗೆಯವರನ್ನು ಗೊತ್ತುಮಾಡುವ ಯಜಮಾನನಿಂದ ಹಿಡಿದು ನೂರಾರು ಮಂದಿಗೆ ಕೆಲಸವನ್ನೀಯುವ ಕಾರ್ಖಾನೆಯವರವರೆಗೆ ಎಲ್ಲರನ್ನೂ ಕಾಡುವ ಚಿಂತೆಯೊಂದುಂಟು: ಯೋಗ್ಯನಾದವನನ್ನು ಗುರುತಿಸುವುದೆಂತು? ಕೆಲಸವನ್ನು ಬೇಡುವವರೇನೋ ಅನೇಕರು. ಆದರೆ ಕೆಲಸಕ್ಕೆ ತಕ್ಕವರು ದೊರೆಯಲಿಲ್ಲವೆಂಬ ಕೊರಗು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಈ ಕಷ್ಟವು ಇಂದಿನದಲ್ಲವೆಂಬುದನ್ನು ವಾಚಕರಿಗೆ ನಿವೇದಿಸುವುದೇ ನಮ್ಮ ಉದ್ದೇಶ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದರು. ಅದರ ಮೊದಲನೆಯ ಅಧಿಕರಣದಲ್ಲಿ, ಅಮಾತ್ಯರನ್ನು ಯಾರೊಳಗಿಂದ ಆರಿಸಬೇಕೆಂಬ ಚರ್ಚೆಯಿದೆ. ಜೊತೆಯಲ್ಲಿ ಓದಿದವರನ್ನು ಆರಿಸಬೇಕೆಂದು ಭಾರದ್ವಾಜನ ಮತ. ಜೊತೆಯಲ್ಲಿ ಆಡಿದವರು ಸಸಾರಮಾಡುವರಾದುದರಿಂದ ಅದು ಸಲ್ಲದೆಂದು ವಿಶಾಲಾಕ್ಷನು. ವಂಶಪರಂಪರೆಯಿಂದ ಬಂದವರೇ ಲೇಸೆಂದು ಒಬ್ಬನು; ಹೊಸಬರೇ ಲೇಸೆಂದು ಇನ್ನೊಬ್ಬನು. ಎಲ್ಲವೂ ಯುಕ್ತವೆಂದು ಒಪ್ಪಿ ಕೌಟಿಲ್ಯನು ಕೊನೆಗೆ ಹೇಳುವುದಿಷ್ಟು: ಪುರುಷನ ಸಾಮರ್ಥ್ಯವನ್ನು ಅಳೆಯುವ ಕೋಲು ಅವನ ಕಾರ್ಯಸಾಮರ್ಥ್ಯವೇ.

ಒಂದೊಂದು ಗುಣವನ್ನು ಒಂದೊಂದು ಕಡೆ ನೋಡಬೇಕೆಂಬುದು ಅವನ ಮುಂದಿನ ಮಾತು. ವಿದ್ಯೆಯನ್ನು ಅದೇ ವಿದ್ಯೆ ಬಲ್ಲವರಿಂದ, ಶೀಲವನ್ನು ಒಡನೆ ವಾಸಿಸಿದವರಿಂದ, ದಕ್ಷತೆಯನ್ನು ಕಾರ್ಯಾರಂಭದಲ್ಲಿ, ಸಹಿಷ್ಣುತೆಯನ್ನು ಆಪತ್ತಿನಲ್ಲಿ, ಶುಚಿತ್ವವನ್ನು ವ್ಯವಹಾರದಲ್ಲಿ ಅರಿಯಬೇಕು. ಸಂಭಾಷಣೆಯಲ್ಲಿ ತಿಳಿಯುವುದು ವಾಗ್ಮಿತೆ, ಪ್ರಾಗಲ್ಭ್ಯ ಮತ್ತು ಪ್ರತಿಭೆ ಮಾತ್ರ. ಅರ್ಧ ಗಂಟೆಯ ಸಂದರ್ಶನದಿಂದಲೇ ಸಕಲ ಗುಣಗಳನ್ನೂ ಕಂಡೆವೆನ್ನುವ ನಾವು ಇದನ್ನು ಮನನ ಮಾಡಬೇಡವೇ?

ನಿವೃತ್ತಿಯ ಅನಂತರ ನಾವು ಹಳ್ಳಿಯ ಪ್ರೌಢಶಾಲೆಯೊಂದರ ಆಡಳಿತ ಸಮಿತಿಯಲ್ಲಿದ್ದೆವು. ಗಣಿತದ ಉಪಾಧ್ಯಾಯರು ಬೇಕಾಗಿದ್ದರು. ಬಂದ ಅರ್ಜಿಗಳಲ್ಲಿ ಪ್ರಶಂಸಾಪತ್ರಗಳೆಲ್ಲ ಒಂದೇ ಅಚ್ಚಿನವು. ಎಲ್ಲರೂ ಶ್ರದ್ಧಾವಂತರು, ಎಲ್ಲರೂ ಮೇಧಾವಿಗಳು. ಸಂದರ್ಶನದಲ್ಲಿ ಒಬ್ಬ ತರುಣನು ನಿರರ್ಗಳವಾಗಿ ಮಾತನಾಡಿದನು. ಇನ್ನೊಬ್ಬ ಹೆಣ್ಣುಮಗಳು ತಡವರಿಸಿದಳು. ಇಬ್ಬರೂ ಹತ್ತನೆಯ ತರಗತಿಗೆ ಒಂದೊಂದು ಪಾಠವನ್ನು ಮಾಡಲೆಂದು ನಾವು ಸೂಚಿಸಿದೆವು. ಆಕೆಯು ಮಕ್ಕಳನ್ನು ಅಂಗಳಕ್ಕೆ ಕರೆತಂದು, ಒಂದು ಕೋಲಿನ ನೆರಳನ್ನೂ ತೆಂಗಿನ ಮರದ ನೆರಳನ್ನೂ ಅಳೆಯಿಸಿ, ಮರದ ಎತ್ತರವನ್ನು ಅವರ ಬಾಯಿಂದಲೇ ಹೇಳಿಸಿದಳು. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿಬಿಡದ ಹುಡುಗಿಯೊಬ್ಬಳು ಅಂದು ಮೊದಲು ಉತ್ತರವಿತ್ತಳು. ತಡವರಿಕೆಯು ನಮ್ಮ ಮುಂದಷ್ಟೇ ಇದ್ದಿತು. ಮಕ್ಕಳ ಮುಂದೆ ಇರಲಿಲ್ಲ.

ಆದರೆ ಗುರುತಿಸುವುದು ಅರ್ಧ ಕಾರ್ಯ, ಉಳಿಸಿಕೊಳ್ಳುವುದು ಇನ್ನರ್ಧ. ಶಾಲೆಯು ಕೊಡಬಲ್ಲ ಸಂಬಳವು ಅಲ್ಪ. ನಾಲ್ಕನೆಯ ತಿಂಗಳಲ್ಲಿ ಆಕೆಗೆ ಸರ್ಕಾರಿ ಶಾಲೆಯ ನೇಮಕದ ಆಜ್ಞೆ ಬಂದಿತು. ವೃದ್ಧ ತಂದೆತಾಯಿಗಳನ್ನು ಸಾಕಬೇಕಾದವಳನ್ನು ದೂಷಿಸುವವರಾರು? ಆ ತರುಣನಿಗೆ ಹೇಳಿಕಳುಹಿಸಿದರೆ, ಅವನು ಬೇರೆಲ್ಲಿಯೋ ಸೇರಿ ತಿಂಗಳುಗಳಾಗಿದ್ದವು. ಸಮಿತಿಯವರು ಮತ್ತೊಮ್ಮೆ ಸಭೆಸೇರಿ ತೀರ್ಮಾನಿಸಲು ಆರು ವಾರ ಹಿಡಿಯಿತು. ಅಷ್ಟರಲ್ಲಿ ಒಪ್ಪಿದ್ದ ಮತ್ತೊಬ್ಬರೂ ಕೈತಪ್ಪಿದರು. ಆ ವರ್ಷದ ಮಕ್ಕಳು ಗಣಿತದ ಗುರುವಿಲ್ಲದೆಯೇ ಪರೀಕ್ಷೆಗೆ ಕುಳಿತರು. ದೊಡ್ಡವರ ತಡಕ್ಕೆ ತೆರಿಗೆ ಕಟ್ಟಿದವರು ಅವರು.

ಈಗ ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಜರಡಿಯಾಡುವುದು ಅನೇಕ ವೇಳೆ ಕಂಪ್ಯೂಟರು. ತಾನು ಹುಡುಕುವ ಪದವು ಕಾಣದಿದ್ದರೆ ಯಂತ್ರವು ಯೋಗ್ಯನನ್ನೂ ಹಿಂದಿಕ್ಕಬಹುದು. ಇನ್ನು ಕೆಲವರು ಕಪಟಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ಗೂಢಪರೀಕ್ಷೆಗಳನ್ನು ಹೇಳಿದ ಕೌಟಿಲ್ಯನೇ, ಕೆಡದವರನ್ನು ಕೆಡಿಸುವುದು ನೀರಿಗೆ ವಿಷವಿಕ್ಕಿದಂತೆ ಆದೀತೆಂದು ಎಚ್ಚರಿಸಿರುವನು. ಒಮ್ಮೆ ಕದಡಿದ ಮನಸ್ಸು ಮತ್ತೆ ತಿಳಿಯಾಗದೆ ಹೋಗಬಹುದು.

ಆದುದರಿಂದ, ಮನೆಗೆಲಸಕ್ಕಾಗಲಿ ಮಹಾಸಂಸ್ಥೆಗಾಗಲಿ ಜನರನ್ನು ಆರಿಸುವ ಮಹನೀಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಸಂಬಳವನ್ನು ಮೊದಲೇ ತಿಳಿಸಿರಿ. ಮಾತನ್ನು ಕೇಳಿದ ಮೇಲೆ ಕೆಲಸವನ್ನೂ ನೋಡಿರಿ. ತೀರ್ಮಾನವನ್ನು ತಡಮಾಡಬೇಡಿರಿ. ಕಡೆಯದಾಗಿ, ಆರಿಸದೆ ಬಿಟ್ಟವರಿಗೂ ಎರಡು ಸಾಲು ಬರೆಯಿರಿ. ಉತ್ತರಕ್ಕಾಗಿ ದಾರಿಕಾಯುವ ಮಗನೋ ಮಗಳೋ ಇಲ್ಲದ ಮನೆ ನಮ್ಮ ಬೀದಿಯಲ್ಲಿ ಎಷ್ಟಿದೆ?