ಮನೆಯೊಳಗಣ ಸಮುದ್ರ

ಅಗಸ್ತ್ಯ ಮಹರ್ಷಿಯು ಸಮುದ್ರವನ್ನು ಆಪೋಶನ ಮಾಡಿದ ಕಥೆಯನ್ನು ನಾನು ಮೂವತ್ತು ವರ್ಷ ಹುಡುಗರಿಗೆ ಹೇಳಿದವನು. ಆ ಸಮುದ್ರವನ್ನು ಮನೆಯ ಒಂದು ಕೊಠಡಿಯಲ್ಲಿ ತಂದಿಡುವ ಸಾಹಸವನ್ನು ನನ್ನ ಮಗನಲ್ಲಿಯೇ ಕಂಡೆನು.

ಅವನಿರುವುದು ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ. ಅವನನ್ನು ನೋಡಲು ಹೋಗಿದ್ದ ನಾನೂ ನನ್ನ ಪತ್ನಿಯೂ ೨೦೨೦ರ ಮಹಾಮಾರಿಯ ದೆಸೆಯಿಂದ ಅಲ್ಲಿಯೇ ಉಳಿಯಬೇಕಾಯಿತು. ಆ ಕಾಲದಲ್ಲಿ ಅವನು ಮೋಟಾರು ನಿಲ್ಲಿಸುವ ಕೊಠಡಿಯ ಅರ್ಧಕ್ಕೆ ಗೋಡೆಯೆತ್ತಿ, ಹವಳಗಳಿಗೂ ಮೀನುಗಳಿಗೂ ಪ್ರತ್ಯೇಕವಾದೊಂದು ಗೃಹವನ್ನು ಕಟ್ಟಲು ಹೊರಟನು. "ದೇವರ ಮನೆಗಿಂತ ದೊಡ್ಡದಾಯಿತಲ್ಲಪ್ಪ!" ಎಂದು ನಾನು ಹಾಸ್ಯ ಮಾಡಿದೆನು.

ಕೆಲಸವೇನೋ ಹಾಸ್ಯದ್ದಾಗಿರಲಿಲ್ಲ. ೮ ಅಡಿ ಉದ್ದ, ೩ ಅಡಿ ಅಗಲ, ೨ ಅಡಿ ಎತ್ತರದ ಗಾಜಿನ ತೊಟ್ಟಿಗೆ ಸುಮಾರು ೧,೩೫೦ ಲೀಟರು ನೀರು ಬೇಕು. ಆ ನೀರಿನ ಭಾರವೇ ೧೩ ಕ್ವಿಂಟಲಿಗೆ ಮೇಲೆ. ಗಟ್ಟಿಯಾದ ಕಾಂಕ್ರೀಟು ನೆಲವನ್ನು ಆರಿಸಿದ್ದು ಅದಕ್ಕಾಗಿಯೇ. ಚೆಲ್ಲಿದ ನೀರು ಹರಿದುಹೋಗಲು ಬಚ್ಚಲಿನಂತೆ ಇಳಿಜಾರು, ಉಪ್ಪುತೇವವು ಗೋಡೆಯನ್ನು ತಿನ್ನದಂತೆ ಲೇಪ, ಆವಿಯನ್ನು ಹೊರದೂಡಲು ಫ್ಯಾನು, ಇವೆಲ್ಲ ಆದುವು. ಶೋಧಿಸಿದ ನೀರಿಗೆ ಲೀಟರಿಗೆ ಸುಮಾರು ೩೫ ಗ್ರಾಮಿನಂತೆ ಉಪ್ಪನ್ನು ತೂಗಿ ಬೆರೆಸುವ ಕಾರ್ಯವು ನನ್ನ ಪಾಲಿಗೆ ಬಂದಿತು. ನೀರು ಹದಕ್ಕೆ ಬರಲು ವಾರಗಳೇ ಹಿಡಿದುವು. ಆ ಬಳಿಕ, ಇತರರ ತೊಟ್ಟಿಗಳಲ್ಲಿ ಬೆಳೆದ ಹವಳದ ತುಂಡುಗಳನ್ನು ತಂದು ನೆಲೆಗೊಳಿಸಿದನು.

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವಾಗ ಹವಳಕ್ಕೆ ವಿದ್ರುಮ, ಪ್ರವಾಳ ಎಂಬ ಹೆಸರುಗಳನ್ನು ಕಲಿತಿದ್ದೆನು. ಒಂದರಲ್ಲಿ ಮರದ ಮಾತಿದೆ, ಇನ್ನೊಂದಕ್ಕೆ ಚಿಗುರೆಂಬ ಅರ್ಥವೂ ಉಂಟು. ಆದರೆ ರಾತ್ರಿಯಲ್ಲಿ ಎಳೆಯಂತಹ ಬಾಹುಗಳನ್ನು ಚಾಚಿ ಆಹಾರವನ್ನು ಹಿಡಿಯುವುದನ್ನು ಕಣ್ಣಾರೆ ಕಂಡ ಮೇಲೆ, ಹವಳವು ಪ್ರಾಣಿಯೆಂಬುದು ನನ್ನ ಮನಸ್ಸಿಗೆ ನಾಟಿತು.

೨೦೨೧ರ ಫೆಬ್ರವರಿಯಲ್ಲಿ ಆ ಪ್ರಾಂತದ ಮೇಲೆ ಹಿಮದ ಚಳಿಯು ಎರಗಿ, ಲಕ್ಷಾಂತರ ಮನೆಗಳಿಗೆ ವಿದ್ಯುತ್ತು ನಿಂತುಹೋಯಿತು. ನಮ್ಮ ಮನೆಯೂ ಕತ್ತಲಾಯಿತು. ಪಂಪು ನಿಂತರೆ ನೀರಿಗೆ ಗಾಳಿಯಿಲ್ಲ. ೨೫ ಡಿಗ್ರಿಯಲ್ಲಿರಬೇಕಾದ ನೀರು ಗಳಿಗೆಗಳಿಗೆಗೂ ತಣ್ಣಗಾಗುತ್ತಿತ್ತು. ತೊಟ್ಟಿಗೆ ಕಂಬಳಿಗಳನ್ನು ಸುತ್ತಿದೆವು. ನನ್ನ ಪತ್ನಿಯು ಗ್ಯಾಸಿನ ಒಲೆಯ ಮೇಲೆ ನೀರು ಕಾಯಿಸಿ ಸೀಸೆಗಳಿಗೆ ತುಂಬಿಕೊಟ್ಟಳು. ಮಗನು ಅವುಗಳ ಬಾಯಿ ಬಿಗಿದು ತೊಟ್ಟಿಯಲ್ಲಿ ತೇಲಿಬಿಟ್ಟನು. ನಾನು ಚೊಂಬಿನಿಂದ ನೀರನ್ನು ಮೊಗೆದು ಎತ್ತರದಿಂದ ಸುರಿಯುತ್ತ ಗಾಳಿ ಬೆರೆಸಿದೆನು. ಎರಡನೆಯ ರಾತ್ರಿ ರಟ್ಟೆಗಳು ಸೋತು, "ಇನ್ನು ಬಿಟ್ಟುಬಿಡು ಮಗು" ಎಂದೆನು. ಅವನು ತಲೆಯೆತ್ತದೆ, "ಅಪ್ಪಾ, ಇವನ್ನು ಇಲ್ಲಿಗೆ ತಂದವನು ನಾನು. ಹೋಗಲು ಇವಕ್ಕೆ ಬೇರೆ ಕಡಲಿದೆಯೇ?" ಎಂದನು. ನಾನು ಮತ್ತೆ ಚೊಂಬನ್ನು ಕೈಗೆತ್ತಿಕೊಂಡೆನು.

ಮೂರನೆಯ ದಿನ ದೀಪ ಬಂದಿತು. ಹವಳಗಳಲ್ಲಿ ಅರ್ಧಕ್ಕೆ ಹೆಚ್ಚು ಬಿಳಿಚಿ ಸತ್ತುವು; ಮೀನುಗಳಲ್ಲಿ ಮೂರು ಉಳಿದುವು. ಯಾರೂ ಕೇಳದೆ ಸಮುದ್ರವು ತನ್ನ ಮಕ್ಕಳಿಗೆ ನಿತ್ಯವೂ ಎರೆಯುವ ಶಾಖ, ಗಾಳಿ, ಚಲನೆಗಳನ್ನು ಮೂರು ಜನರು ಮೂರು ದಿನವೂ ಪೂರ್ತಿಯಾಗಿ ಒದಗಿಸಲಾರದೆ ಹೋದೆವು. ಆ ತಿಂಗಳೇ ಮಗನು ಕೊಠಡಿಗೊಂದು ಜನರೇಟರನ್ನು ತಂದನು. ಮೊದಲೇ ತರಬೇಕಾಗಿತ್ತೆಂದು ಅವನೂ ಒಪ್ಪಿದನು.

ದೇವರ ಮನೆಯ ಹಾಸ್ಯವನ್ನು ನಾನು ಮತ್ತೆ ಆಡಲಿಲ್ಲ. ಪ್ರಾಣಪ್ರತಿಷ್ಠೆ ಮಾಡಿದ ಮೇಲೆ ನಿತ್ಯಪೂಜೆಯು ತಪ್ಪಕೂಡದೆಂಬುದು ಆ ಕೊಠಡಿಗೂ ಸಲ್ಲುವ ಮಾತು.