ಈಗೇನು ಓದುತ್ತಿದ್ದೀರಿ? - ಮುದ್ದಣನ ಊರಿನ ದಾರಿಯಲ್ಲಿ

ಬಸ್ಸಿನಲ್ಲಿ ಪಕ್ಕ ಕುಳಿತವರು ಊರು ಕೇಳುತ್ತಾರೆ, ಕೆಲಸ ಕೇಳುತ್ತಾರೆ, ಮಕ್ಕಳೆಷ್ಟು ಎಂದು ಕೇಳುತ್ತಾರೆ. ‘ಈಗ ಯಾವ ಪುಸ್ತಕ ಓದುತ್ತಿದ್ದೀರಿ?’ ಎಂದು ಕೇಳಿದವರು ನನಗಂತೂ ಸಿಕ್ಕಿಲ್ಲ. ತರಗತಿಯಲ್ಲಿ ನಾನೇ ಈ ಪ್ರಶ್ನೆ ಕೇಳಿದರೆ ಮಕ್ಕಳು ಎದ್ದು ನಿಂತು ಪಾಠದ ಹೆಸರು ಹೇಳುತ್ತಾರೆ. ‘ಓದು’ ಎಂದರೆ ಪರೀಕ್ಷೆಯ ಓದು ಎಂದೇ ನಮ್ಮಲ್ಲಿ ಅರ್ಥವಾಗಿಬಿಟ್ಟಿದೆ.

ಹಿಂದೆ ಹೀಗಿರಲಿಲ್ಲ. ಆಟಿ ತಿಂಗಳ ಮಳೆಗೆ ಹೊರಗಿನ ಕೆಲಸ ನಿಂತಾಗ ಕರಾವಳಿಯ ಅನೇಕ ಮನೆಗಳ ಚಾವಡಿಯಲ್ಲಿ ಜೈಮಿನಿ ಭಾರತ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಅಕ್ಷರ ಬಾರದವರೂ ನಡುವೆ ಬಾಯಿ ಹಾಕುವುದು. ಮನೆಯೊಳಗೆ ಬಂದ ಪುಸ್ತಕ ಇಡೀ ಮನೆಗೆ ಸೇರಿದ್ದಾಗಿತ್ತು.

ಈ ವಿಚಾರ ತಲೆಯಲ್ಲಿಟ್ಟುಕೊಂಡೇ ದಸರಾ ರಜೆಯಲ್ಲಿ ಒಂದು ದಿನ ನಮ್ಮ ಜಿಲ್ಲೆಯಲ್ಲಿ ಒಂದು ಸುತ್ತು ಹಾಕಿದೆ. ಉಡುಪಿಯಿಂದ ಮಣಿಪಾಲ, ಹಿರಿಯಡ್ಕದ ಮೇಲೆ ಕಾರ್ಕಳ. ಅಲ್ಲಿಂದ ನಿಟ್ಟೆ, ಬೆಳ್ಮಣ್ಣು, ಪಡುಬಿದ್ರಿ, ಕಾಪು. ಬೆಳಿಗ್ಗೆ ಹೊರಟರೆ ಸಂಜೆಗೆ ಆರಾಮವಾಗಿ ಮನೆ ಸೇರಬಹುದು.

ಉಡುಪಿ ಬಿಡುವ ಮುನ್ನವೇ ಎಂ.ಜಿ.ಎಂ. ಕಾಲೇಜು ಸಿಗುತ್ತದೆ. ೧೯೪೯ರಲ್ಲಿ ಶುರುವಾದದ್ದು. ಮಂಜೇಶ್ವರದ ಮನೆಯಲ್ಲಿ ಕುಳಿತು ಹತ್ತಾರು ಭಾಷೆಗಳ ಪುಸ್ತಕ ಓದಿದ ರಾಷ್ಟ್ರಕವಿ ಗೋವಿಂದ ಪೈಯವರ (೧೮೮೩-೧೯೬೩) ಗ್ರಂಥಸಂಗ್ರಹ ಬಂದು ಸೇರಿದ್ದು ಇಲ್ಲಿಗೆ. ಅವರ ಹೆಸರಿನ ಸಂಶೋಧನ ಕೇಂದ್ರವೂ ಇಲ್ಲಿದೆ. ಮುಂದೆ ಮಣಿಪಾಲದ ಗುಡ್ಡ. ಅಲ್ಲಿಯ ಓದು ಬಹಳ ದೊಡ್ಡದು, ದುಬಾರಿಯದು ಕೂಡ. ಅದರ ಬಗ್ಗೆ ಪಾಲಕರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಕಾರ್ಕಳದಲ್ಲಿ ೧೪೩೨ರ ಗೊಮ್ಮಟನಿಗೆ ಕೆಳಗಿನಿಂದಲೇ ಕೈಮುಗಿದು ಬೆಳ್ಮಣ್ಣಿನ ಬಸ್ಸು ಹಿಡಿದೆ.

ನನಗೆ ಹೋಗಬೇಕಾಗಿದ್ದುದು ಆ ದಾರಿಯಲ್ಲಿರುವ ನಂದಳಿಕೆಗೆ. ಸಿರಿಜಾತ್ರೆಯ ಈ ಊರು ಮುದ್ದಣನ ಊರೂ ಹೌದು. ನಂದಳಿಕೆ ಲಕ್ಷ್ಮೀನಾರಣಪ್ಪ ೧೮೭೦ರಲ್ಲಿ ಇಲ್ಲಿ ಹುಟ್ಟಿದರು; ಉಡುಪಿ, ಕುಂದಾಪುರಗಳಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದರು. ಹಗಲು ಮಕ್ಕಳಿಗೆ ಡ್ರಿಲ್ ಹೇಳಿಕೊಡುವ ಈ ಬಡ ಮೇಷ್ಟ್ರು ಹಳಗನ್ನಡದಲ್ಲಿ ಬರೆದು, ‘ಯಾವುದೋ ಹಳೆಯ ಕವಿಯ ಕೃತಿ’ ಎಂದು ಮೈಸೂರಿನ ಸಂಪಾದಕರಿಗೆ ಕಳುಹಿಸಿದರು. ಕ್ಷಯರೋಗ ಅವರನ್ನು ೧೯೦೧ರಲ್ಲಿ ಒಯ್ದಿತು. ಆಗ ಅವರಿಗೆ ಬರೇ ಮೂವತ್ತೊಂದು ವರ್ಷ.

‘ಶ್ರೀರಾಮಾಶ್ವಮೇಧ’ದಲ್ಲಿ ಕುದುರೆ, ಯುದ್ಧ ಎಲ್ಲ ಇವೆ. ಆದರೆ ಜನ ನೆನಪಿಟ್ಟುಕೊಂಡಿರುವುದು ಮುದ್ದಣ-ಮನೋರಮೆಯರ ಮಾತುಕತೆಯನ್ನು. ಮಳೆಗಾಲದಲ್ಲಿ ಹೊತ್ತು ಕಳೆಯಲು ಹೆಂಡತಿ ಕತೆ ಕೇಳುತ್ತಾಳೆ. ಗಂಡ ಪದ್ಯದಲ್ಲಿ ಹೇಳುತ್ತೇನೆಂದರೆ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಸಂಸ್ಕೃತ ಹೆಚ್ಚಾದರೆ ತಡೆದು ನಿಲ್ಲಿಸುತ್ತಾಳೆ. ವಿಜ್ಞಾನದ ಮೇಷ್ಟ್ರಾದ ನನಗೆ ಇದು ದಾಂಪತ್ಯದ ಸರಸಕ್ಕಿಂತ ಹೆಚ್ಚಾಗಿ ಒಂದು ಒಳ್ಳೆಯ ತರಗತಿಯಂತೆ ಕಾಣುತ್ತದೆ. ಹೇಳುವವನಿಗೆ ತನ್ನ ಮಾತು ಎಲ್ಲಿ ತೊಡರುತ್ತದೆ ಎಂದು ತಿಳಿಯುವುದು ಕೇಳುವವರು ಮಧ್ಯೆ ಪ್ರಶ್ನೆ ಹಾಕಿದಾಗಲೇ.

ಇಲ್ಲಿ ಒಂದು ಮನೆಯ ಮಾತು ಹೇಳಬೇಕು. ಕೆಲವು ವರ್ಷಗಳ ಹಿಂದೆ ಪಾಲಕರ ಸಭೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯ ತಾಯಿ ದೂರು ಕೊಟ್ಟರು: ‘ಮಾಸ್ಟ್ರೇ, ಇವಳು ಓದುವುದು ಬಿಟ್ಟು ಪುಸ್ತಕ ಓದ್ತಾಳೆ!’

ಹುಡುಗಿ ತಲೆ ತಗ್ಗಿಸಿದಳು. ಯಾವ ಪುಸ್ತಕ ಎಂದು ತಾಯಿಯನ್ನು ಕೇಳಿದರೆ ಗೊತ್ತಿಲ್ಲ. ಅದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಆ ತಾಯಿ ಬೀಡಿ ಕಟ್ಟುವವರು. ‘ಅಮ್ಮ, ನೀವು ಸಂಜೆ ಮೊರ ಇಟ್ಟುಕೊಂಡು ಕೂತಾಗ ಇವಳು ಪಕ್ಕದಲ್ಲಿ ಕೂತು ಅರ್ಧ ಗಂಟೆ ಅದನ್ನೇ ಓದಿ ಹೇಳಲಿ. ಆಮೇಲೆ ಪಾಠ ಓದಲಿ’ ಎಂದೆ. ಅವರು ಒಪ್ಪಿದ್ದು ಮೇಷ್ಟ್ರ ಮುಖ ನೋಡಿ, ಮನಸ್ಸಿನಿಂದಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಉಪಾಯವೇನಲ್ಲ. ನೆರೆಯ ಕಣ್ಣೂರಿನಲ್ಲಿ ಬೀಡಿ ಕಟ್ಟುವವರು ತಮ್ಮಲ್ಲೊಬ್ಬರಿಂದ ಪತ್ರಿಕೆ, ಕಾದಂಬರಿ ಓದಿಸಿ ಕೇಳುತ್ತಿದ್ದರು. ದೂರದ ಕ್ಯೂಬಾದ ಚುಟ್ಟಾ ಕಾರ್ಖಾನೆಗಳಲ್ಲಿ ೧೮೬೫ರಿಂದಲೇ ಈ ಪದ್ಧತಿ ಇದೆ. ಅಲ್ಲಿಯ ಒಂದು ಚುಟ್ಟಾದ ಹೆಸರು ಮಾಂಟೆಕ್ರಿಸ್ಟೊ, ಡ್ಯೂಮಾನ ಕಾದಂಬರಿಯದು! ಹೊಗೆಸೊಪ್ಪಿನ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು.

ಮುಂದಿನ ಸಭೆಗೆ ಬಂದ ತಾಯಿ ಅಂಕದ ಮಾತೆತ್ತುವ ಮೊದಲೇ, ‘ಆ ಹಾರುವ ಓತಿಯನ್ನು ಹುಡುಕಿಕೊಂಡು ಅವರು ಅಷ್ಟು ದೂರ ಕಾಡಿಗೆ ಯಾಕೆ ಹೋದರು ಮಾಸ್ಟ್ರೇ? ಕಾರ್ಕಳದ ಹತ್ತಿರ ನನ್ನ ತಾಯಿಮನೆಯ ಅಡಕೆ ತೋಟದಲ್ಲಿ ಉಂಟಲ್ಲ! ಗಂಟಲಿನ ಹತ್ತಿರ ಹಳದಿ ಎಲೆಯ ಹಾಗೆ ಬಿಚ್ಚುತ್ತದೆ’ ಎಂದರು. ಆ ಹಳದಿ ಚರ್ಮ ಗಂಡು ಓತಿಯ ಗುರುತು. ನೀಳವಾದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಡಿಸಿ ಅದು ಮರದಿಂದ ಮರಕ್ಕೆ ತೇಲುತ್ತದೆ. ನಮ್ಮ ಅಡಕೆ ತೋಟಗಳಲ್ಲಿ ಇದೆ ಎನ್ನುವುದೂ ನಿಜ. ಮಗಳು ಆ ರಜೆಯಲ್ಲಿ ಅಜ್ಜಿಮನೆಗೆ ಹೋಗಿ ಮೂರು ದಿನ ಕುತ್ತಿಗೆ ನೋಯುವಷ್ಟು ಮೇಲೆ ನೋಡಿ, ನಾಲ್ಕನೆಯ ದಿನ ಕಂಡಳಂತೆ. ಅಂಕ? ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಪಾಲಕರು ಕೇಳುತ್ತಾರೆಂದು ಹೇಳುತ್ತಿದ್ದೇನೆ.

ಪಡುಬಿದ್ರಿ ದಾಟಿ ಕಾಪು ಮುಟ್ಟುವಾಗ ನಾಲ್ಕು ಗಂಟೆ. ಬಂಡೆಯ ಮೇಲಿನ ದೀಪಸ್ತಂಭ ೧೯೦೧ರದು, ಮುದ್ದಣ ತೀರಿದ ವರ್ಷದ್ದು. ನನ್ನ ಚೀಲದಲ್ಲಿದ್ದುದು ಕೋಟದ ಶಿವರಾಮ ಕಾರಂತರು ಕನ್ನಡಕ್ಕೆ ತಂದ ‘ನಮ್ಮ ಸುತ್ತಲಿನ ಕಡಲು’. ಮೂಲ ಬರೆದವರು ಅಮೆರಿಕದ ರೇಚಲ್ ಕಾರ್ಸನ್, ೧೯೫೧ರಲ್ಲಿ. ಈಗ ಓದುತ್ತಿರುವುದು ಇದನ್ನೇ, ಎರಡನೆಯ ಸಲ. ಅಲೆ, ಉಬ್ಬರ, ದ್ವೀಪಗಳ ಹುಟ್ಟು ಇವನ್ನೆಲ್ಲ ಕತೆಯಂತೆ ಹೇಳುವ ಪುಸ್ತಕ. ಒಂದು ಕೊರತೆಯನ್ನೂ ಹೇಳಿಬಿಡಬೇಕು. ಖಂಡಗಳು ಸರಿಯುತ್ತವೆ ಎಂಬುದನ್ನು ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿದ್ದು ೧೯೬೦ರ ದಶಕದ ಕೊನೆಗೆ. ಹಾಗಾಗಿ ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ, ಸುಮಾರು ೮.೮ ಕೋಟಿ ವರ್ಷ ಹಿಂದಿನ ಲಾವಾ ಎಂಬುದಕ್ಕೆ ಈ ಪುಸ್ತಕದಲ್ಲಿ ಉತ್ತರ ಸಿಗದು. ಅದಕ್ಕೆ ಬೇರೆ ಪುಸ್ತಕ ಬೇಕು. ನಿಮ್ಮಲ್ಲಿ ಯಾರಾದರೂ ಓದಿದ್ದರೆ ಹೇಳಿ.

ಉಬ್ಬರದ ಅಧ್ಯಾಯವನ್ನು ಮಾತ್ರ ದೀಪಸ್ತಂಭದ ಬುಡದಲ್ಲೇ ಕುಳಿತು ಓದುವುದು ಒಳ್ಳೆಯದು. ಇವತ್ತು ನೀರು ಏರಿ ಒಂದು ಕಲ್ಲನ್ನು ಮುಟ್ಟಿದ ಹೊತ್ತು ಬರೆದಿಟ್ಟುಕೊಳ್ಳಿ. ಚಂದ್ರನೂ ಮುಂದೆ ಸಾಗಿರುವುದರಿಂದ ನಾಳೆ ಉಬ್ಬರ ಸುಮಾರು ಐವತ್ತು ನಿಮಿಷ ತಡ. ಮಕ್ಕಳ ಕೈಗೆ ಪುಸ್ತಕ ಕೊಡಿ, ಗಡಿಯಾರ ನಿಮ್ಮ ಹತ್ತಿರ ಇರಲಿ.